ಮನೆಮಂದಿಗೋ, ಪಳಗಿದವರಿಗೋ? ನಿಂಟೆಂಡೊ ‘ವೀ’ ತುಳಿದ ಹಾದಿ: ಪರ-ವಿರೋಧ

ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಹನಫುದ ಎಂಬ ಆಟದ ಎಲೆಗಳನ್ನು ತಯಾರಿಸುತ್ತ ಹುಟ್ಟಿಕೊಂಡ ನಿಂಟೆಂಡೊ ಕಂಪನಿ, 2006ರ ನವೆಂಬರಿನಲ್ಲಿ ‘ವೀ’ ಎಂಬ ವಿಡಿಯೊ ಗೇಮ್ ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರವನ್ನು, ಮಾರುಕಟ್ಟೆಗೆ ತಂದಿತು. ವರ್ಷಗಟ್ಟಲೆ ಆಡಿ ಕೈ ಪಳಗಿಸಿಕೊಂಡವರಿಗಿಂತ, ಅದುವರೆಗೆ ಗೇಮಿನ ಗೋಜಿಗೇ ಹೋಗದ ಮನೆಮಂದಿಯನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ಯಂತ್ರವದು. ಹೊಸಬರನ್ನು ಒಳಗೆ ಕರೆಯುವುದಕ್ಕಾಗಿ ಕನ್ಸೋಲ್ ತಯಾರಕರು ಹಳೆಯ ನಿಷ್ಠಾವಂತ ಆಟಗಾರರ ಪಾಲನ್ನು ಹಿಂದಕ್ಕೆ ಸರಿಸಬಹುದೇ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ತಣ್ಣಗಾಗಿಲ್ಲ. ಕೆಳಗಿನ ಎರಡೂ ವಾದಗಳನ್ನು ನಾನು ಮನಸಾರೆ ನಂಬಿಯೇ ಬರೆದಿದ್ದೇನೆ. ಯಾವುದರ ಕಡೆಗೆ ನನ್ನ ಮನಸ್ಸು ಹೆಚ್ಚು ವಾಲಿದೆ ಎಂಬುದು ಓದುಗರಿಗೆ ತಾನಾಗಿಯೇ ತಿಳಿದೀತು.

ಪರ: ಬಾಗಿಲು ತೆರೆದದ್ದು ಸರಿ

ಮೊದಲು ಲೆಕ್ಕವನ್ನೇ ನೋಡೋಣ. 1980ರ ದಶಕದಲ್ಲಿ ನಿಂಟೆಂಡೊವನ್ನು ಮನೆಮಾತಾಗಿಸಿದ ಫ್ಯಾಮಿಕಾಂ, ಅಂದರೆ ಪಶ್ಚಿಮದ ಎನ್ಇಎಸ್, ಸುಮಾರು 6 ಕೋಟಿ 19 ಲಕ್ಷ ಮಾರಾಟವಾಗಿತ್ತು. ಅದರ ನಂತರದ ಸೂಪರ್ ಎನ್ಇಎಸ್ 4 ಕೋಟಿ 91 ಲಕ್ಷಕ್ಕೆ, ನಿಂಟೆಂಡೊ 64 ಎಂಬುದು 3 ಕೋಟಿ 29 ಲಕ್ಷಕ್ಕೆ, 2001ರ ಗೇಮ್‌ಕ್ಯೂಬ್ 2 ಕೋಟಿ 17 ಲಕ್ಷಕ್ಕೆ ಬಂದು ನಿಂತವು. ಆಟಗಳ ಗುಣಮಟ್ಟ ಕುಸಿದಿತ್ತೇ ಎಂದರೆ, ಹಾಗೇನೂ ಇರಲಿಲ್ಲ. ಪಳಗಿದ ಆಟಗಾರರು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುವ ಎಷ್ಟೋ ಆಟಗಳು ಬಂದದ್ದು ಈ ಇಳಿಜಾರಿನ ಕಾಲದಲ್ಲಿಯೇ. ನಿಷ್ಠಾವಂತರ ಮೆಚ್ಚುಗೆ ಏರುತ್ತಲೇ ಇತ್ತು, ಮನೆಗಳ ಸಂಖ್ಯೆ ಇಳಿಯುತ್ತಲೇ ಇತ್ತು.

ಇದರ ಕಾರಣವನ್ನು ಕಂಪನಿಯ ಅಂದಿನ ಅಧ್ಯಕ್ಷ ಸತೋರು ಇವಾಟ ಮತ್ತು ಆಟಗಳ ಶಿಲ್ಪಿ ಶಿಗೇರು ಮಿಯಾಮೊಟೊ ಆಟಗಾರನ ಕೈಯಲ್ಲಿಯೇ ಗುರುತಿಸಿದರು. ಗೇಮ್‌ಕ್ಯೂಬ್‌ನ ಕಂಟ್ರೋಲರಿನ ಮೇಲೆ ಹೆಬ್ಬೆರಳಿಗೊಂದರಂತೆ ಎರಡು ಕಡ್ಡಿಗಳು, ನಾಲ್ಕು ದಿಕ್ಕಿನ ಒಂದು ಗುಂಡಿ, ಮುಖದ ಮೇಲೆ ನಾಲ್ಕು ಗುಂಡಿಗಳು, ತೋರುಬೆರಳುಗಳ ಕೆಳಗೆ ಇನ್ನಷ್ಟು ಇದ್ದವು. ಹುಟ್ಟಿದಾಗಿನಿಂದ ಗೇಮ್ ಆಡಿದವರಿಗೆ ಅದು ಉಸಿರಾಟದಷ್ಟು ಸಲೀಸು, ಉಳಿದವರಿಗೆ ಮಾತ್ರ ಆಟ ಶುರುವಾಗುವ ಮೊದಲೇ ಬರೆಯಬೇಕಾದ ಪರೀಕ್ಷೆ. ‘ವೀ’ ಆ ಪರೀಕ್ಷೆಯನ್ನೇ ತೆಗೆದುಹಾಕಿತು. ಟಿವಿ ರಿಮೋಟಿನಂತೆ ಕಾಣುವ ಸಾಧನವೊಂದನ್ನು ಕೈಗೆ ಕೊಟ್ಟು, ಅದರ ತುದಿಯ ಪುಟ್ಟ ಕ್ಯಾಮೆರಾ ಟಿವಿಯ ಬಳಿ ಇಟ್ಟ ಪಟ್ಟಿಯ ಇನ್‌ಫ್ರಾರೆಡ್ ದೀಪಗಳನ್ನು ನೋಡುವಂತೆ, ಒಳಗಿನ ಸಂವೇದಕವು ಕೈ ಬೀಸಿದ್ದನ್ನು ಅರಿಯುವಂತೆ ಮಾಡಿತು. ಅಮೆರಿಕ, ಯುರೋಪುಗಳಲ್ಲಿ ಯಂತ್ರದೊಡನೆ ಬರುತ್ತಿದ್ದ ‘ವೀ ಸ್ಪೋರ್ಟ್ಸ್’ನ ಟೆನಿಸ್‌ನಲ್ಲಿ ಚೆಂಡಿನ ಹಿಂದೆ ಓಡುವ ಕೆಲಸ ತೆರೆಯ ಮೇಲಿನ ಗೊಂಬೆಯದು, ಸರಿಯಾದ ಹೊತ್ತಿಗೆ ಬ್ಯಾಟು ಬೀಸುವುದಷ್ಟೇ ನಮ್ಮದು. ಇದನ್ನು ಸೋಮಾರಿತನವೆಂದು ಮೂಗು ಮುರಿದವರಿದ್ದಾರೆ. ಯಾವುದನ್ನು ಬಿಡಬೇಕೆಂದು ತಿಳಿಯುವುದು ಕಸುಬಿನಲ್ಲಿ ಬಹಳ ಕಷ್ಟದ ಭಾಗವೆಂಬುದು ನನ್ನ ಅಭಿಪ್ರಾಯ.

ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ದೊಡ್ಡಮ್ಮ ಆರು ತಿಂಗಳಿಗೆಂದು ಹೋದಾಗ ಚಳಿಗಾಲ. ಹೊರಗೆ ಕಾಲಿಡುವಂತಿಲ್ಲ, ಮಾತನಾಡಿಸಲು ನೆರೆಹೊರೆಯವರಿಲ್ಲ. ಮೊಮ್ಮಗನು ಆ ಮನೆಯಲ್ಲಿದ್ದ ‘ವೀ’ಯ ತೆರೆಯ ಮೇಲೆ ತುರುಬು, ಕನ್ನಡಕಗಳಿರುವ ಅವರದೇ ಒಂದು ಗೊಂಬೆ ಮಾಡಿಕೊಟ್ಟ. ಚೆಂಡು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ಬೌಲಿಂಗ್ ಆಟದಲ್ಲಿ ರಿಮೋಟಿನ ಅಡಿಯ ಗುಂಡಿಯನ್ನು ಒತ್ತಿ ಹಿಡಿದು, ಕೈಯನ್ನು ಹಿಂದಕ್ಕೆ ಬೀಸಿ, ಮುಂದೆ ತಂದಾಗ ಗುಂಡಿಯನ್ನು ಬಿಡಬೇಕು. ದೊಡ್ಡಮ್ಮ ಹಿಂದಕ್ಕೆ ಬೀಸುವಾಗಲೇ ಬಿಟ್ಟುಬಿಟ್ಟರು. ಚೆಂಡು ಹಿಮ್ಮುಖವಾಗಿ ಹೋಗಿ ಬಿತ್ತು, ಹಿಂದೆ ನಿಂತಿದ್ದ ಗೊಂಬೆಗಳೆಲ್ಲ ಬೆಚ್ಚಿ ಹಾರಿದವು, ಮನೆಯಲ್ಲಿದ್ದವರೆಲ್ಲ ನಕ್ಕರು. “ಅಜ್ಜಿ, ಕೈ ಮುಂದೆ ಬಂದಾಗ ಬಿಡಿ” ಎಂದು ಮೊಮ್ಮಗ ಹೇಳಿಕೊಟ್ಟ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಸೆದ ನಾಲ್ಕನೆಯ ಚೆಂಡಿಗೆ ಹತ್ತೂ ಪಿನ್ನುಗಳು ಉರುಳಿದವು. ಆ ಚಳಿಗಾಲ ಮುಗಿಯುವವರೆಗೂ ಸಂಜೆಯ ಕಾಫಿಯಾದ ಮೇಲೆ ಆ ಮನೆಯಲ್ಲಿ ಪಂದ್ಯ ತಪ್ಪಲಿಲ್ಲ. ಎಪ್ಪತ್ತರ ಅಜ್ಜಿಯೂ ಎಂಟರ ಮೊಮ್ಮಗನೂ ಸರಿಸಮಾನರಾಗಿ ನಿಂತು ಆಡಬಲ್ಲ ಒಂದು ವಸ್ತುವನ್ನು ಮಾಡಿದ್ದು ಸಣ್ಣ ಸಾಧನೆಯಲ್ಲ.

ಇದಕ್ಕಾಗಿ ಹಳಬರು ಏನನ್ನು ಕಳೆದುಕೊಂಡರು ಎಂದು ಕೇಳಿದರೆ, 2009ರ ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ’ ಒಳ್ಳೆಯ ಉತ್ತರ ಕೊಡುತ್ತದೆ. ಅದರ ಒಂದು ಹಂತದಲ್ಲಿ ಎಂಟು ಸಲ ಪ್ರಾಣ ಕಳೆದುಕೊಂಡವರಿಗೆ ಹಸಿರು ಇಟ್ಟಿಗೆಯೊಂದು ಕಾಣಿಸಿಕೊಳ್ಳುತ್ತದೆ, ಅದನ್ನು ಗುದ್ದಿದರೆ ಮಾರಿಯೋನ ತಮ್ಮ ಲುಯಿಗಿ ಬಂದು ಆ ಹಂತವನ್ನು ತಾನೇ ಆಡಿ ದಾರಿ ತೋರಿಸುತ್ತಾನೆ. ಆ ಇಟ್ಟಿಗೆ ಒಮ್ಮೆಯೂ ಕಾಣಿಸಿಕೊಳ್ಳದಂತೆ ಆಟ ಮುಗಿಸಿದವರ ಸೇವ್ ಫೈಲಿನ ಮೇಲೆ ನಕ್ಷತ್ರಗಳು ಮಿನುಗುತ್ತವೆ. ಕಷ್ಟವನ್ನು ಒಂದಿಷ್ಟೂ ತಗ್ಗಿಸದೆ, ಎಡವಿದವರಿಗೆ ಕೈ ಕೊಟ್ಟು, ಗೆದ್ದವರಿಗೆ ಗುರುತು ಕೊಟ್ಟ ಆ ಆಟ 3 ಕೋಟಿಗೂ ಹೆಚ್ಚು ಮಾರಾಟವಾಯಿತು. ಅಮೆರಿಕದಲ್ಲಿ ಪ್ರತಿಸ್ಪರ್ಧಿ ಸೋನಿಯ ಪ್ಲೇಸ್ಟೇಷನ್ 3 ಕನ್ಸೋಲಿಗೆ 499 ಮತ್ತು 599 ಡಾಲರ್ ಬೆಲೆಯಿದ್ದಾಗ 250 ಡಾಲರಿಗೆ ಸಿಗುತ್ತಿದ್ದ ‘ವೀ’ ಕೊನೆಗೆ 10 ಕೋಟಿ 16 ಲಕ್ಷ ಮನೆಗಳನ್ನು ಸೇರಿತು.

ವಿರೋಧ: ನೆಚ್ಚಿಕೊಂಡವರಿಗೆ ಕೊಟ್ಟದ್ದೇನು?

ದೊಡ್ಡಮ್ಮನ ಬೌಲಿಂಗಿನ ಬಗ್ಗೆ ನನಗೆ ತಕರಾರಿಲ್ಲ. ಹೊಸಬರಿಗಾಗಿ ಹೊಸ ಆಟಗಳನ್ನು ಮಾಡುವುದು ಬೇರೆ, ಹಳಬರು ಪ್ರೀತಿಯಿಂದ ಕಟ್ಟಿಕೊಂಡ ಆಟವನ್ನೇ ಹೊಸಬರ ಅಳತೆಗೆ ಕತ್ತರಿಸುವುದು ಬೇರೆ. ‘ವೀ’ ಕಾಲದಲ್ಲಿ ಎರಡೂ ನಡೆದವು. ಮೊದಲನೆಯದಕ್ಕೆ ಸಿಕ್ಕ ಚಪ್ಪಾಳೆಯಲ್ಲಿ ಎರಡನೆಯದು ಮುಚ್ಚಿಹೋಯಿತು.

2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಎಂಬ ಕಾದಾಟದ ಗೇಮ್, ಬೆರಳುಗಳ ವೇಗ ಮತ್ತು ನಿಖರತೆಗೆ ಇಷ್ಟೇ ಎಂಬ ಮಿತಿಯಿಲ್ಲವೆನ್ನುವಷ್ಟು ಆಳವಾದದ್ದು. ಅದರ ನಿರ್ದೇಶಕ ಮಸಾಹಿರೊ ಸಕುರಾಯಿ ಅವರೇ 2008ರಲ್ಲಿ ‘ವೀ’ಗಾಗಿ ‘ಬ್ರಾಲ್’ ಎಂಬ ಮುಂದಿನ ಆಟವನ್ನು ರೂಪಿಸಿದಾಗ, ವೇಗವನ್ನು ತಗ್ಗಿಸಿದ್ದಲ್ಲದೆ ಇನ್ನೊಂದು ಅಂಶವನ್ನೂ ಸೇರಿಸಿದರು: ಓಡಲು ಹೊರಟ ಪಾತ್ರ ಆಗೊಮ್ಮೆ ಈಗೊಮ್ಮೆ ಸುಮ್ಮಸುಮ್ಮನೆ ಮುಗ್ಗರಿಸಿ ಬೀಳುತ್ತದೆ. ಆಟಗಾರ ತಪ್ಪು ಮಾಡಿರುವುದಿಲ್ಲ, ಎದುರಾಳಿ ಹೊಡೆದಿರುವುದಿಲ್ಲ, ಬೀಳುವುದು ಮಾತ್ರ ನಿಜ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗನೊಬ್ಬ ಪಂದ್ಯದ ಕೊನೆಯ ಕ್ಷಣದಲ್ಲಿ ಎದುರಾಳಿಯ ಮೇಲೆರಗಲು ಹೊರಟು, ಯಾವ ಕಾರಣವೂ ಇಲ್ಲದೆ ನೆಲಕ್ಕೆ ಕುಸಿದ ತನ್ನ ಪಾತ್ರವನ್ನು ನೋಡುತ್ತ ಕುಳಿತುಕೊಳ್ಳುವುದನ್ನು ಊಹಿಸಿ. ಈ ಮುಗ್ಗರಿಕೆಯಿಂದ ಹೊಸಬರಿಗೆ ಆಟ ಸುಲಭವಾಗಲಿಲ್ಲ, ಏಕೆಂದರೆ ಅವರಿಗೆ ಅದು ಗಮನಕ್ಕೂ ಬರುತ್ತಿರಲಿಲ್ಲ. ಪಳಗಿದವರ ದುಡಿಮೆಗೆ ಮಾತ್ರ ಬೆಲೆಯಿಲ್ಲದಂತಾಯಿತು. ಮಾರಿಯೋ ಆಟದ ಹಸಿರು ಇಟ್ಟಿಗೆಗೂ ಇದಕ್ಕೂ ಇರುವ ಅಂತರ ಇದೇ: ಒಂದು, ಬೇಕಾದವರಿಗೆ ಮಾತ್ರ ನೆರವು. ಇನ್ನೊಂದು, ಬೇಡದವರ ಮೇಲೂ ಹೇರಿದ ಅದೃಷ್ಟ.

ಆದ್ದರಿಂದ ಅನೇಕರು ‘ಮೆಲೀ’ಗೇ ಅಂಟಿಕೊಂಡರು. 2013ರಲ್ಲಿ ಲಾಸ್ ವೇಗಸ್‌ನ ‘ಈವೊ’ ಎಂಬ ಕಾದಾಟದ ಗೇಮ್‌ಗಳ ಪಂದ್ಯಾವಳಿಗೆ ಯಾವ ಗೇಮ್ ಸೇರಬೇಕೆಂಬುದನ್ನು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೊಡುವ ಮೂಲಕ ಆರಿಸಬೇಕಾಗಿ ಬಂದಾಗ, ‘ಮೆಲೀ’ ಅಭಿಮಾನಿಗಳು 94,000 ಡಾಲರಿಗೂ ಹೆಚ್ಚು ಹಣ ಕೂಡಿಸಿ ಹನ್ನೆರಡು ವರ್ಷ ಹಳೆಯದಾದ ತಮ್ಮ ಗೇಮಿಗೆ ಜಾಗ ಗಿಟ್ಟಿಸಿದರು. ಆ ಪಂದ್ಯಗಳ ನೇರಪ್ರಸಾರವನ್ನು ತಡೆಯಲು ನಿಂಟೆಂಡೊ ಮುಂದಾಗಿ, ಪ್ರತಿಭಟನೆ ಎದ್ದೊಡನೆ ಹಿಂದೆ ಸರಿಯಿತು. ಮರುವರ್ಷದ ‘ಸ್ಮ್ಯಾಶ್’ ಆಟದಲ್ಲಿ ಮುಗ್ಗರಿಕೆ ಇರಲಿಲ್ಲ, ಹಳೆಯ ಗೇಮ್‌ಕ್ಯೂಬ್ ಕಂಟ್ರೋಲರನ್ನು ಜೋಡಿಸುವ ಅಡಾಪ್ಟರನ್ನೂ ಕಂಪನಿಯೇ ಮಾರಿತು. ತಪ್ಪಾಗಿತ್ತೆಂದು ಇದಕ್ಕಿಂತ ಸ್ಪಷ್ಟವಾಗಿ ಒಪ್ಪಿಕೊಳ್ಳುವುದು ಸಾಧ್ಯವಿರಲಿಲ್ಲ.

ನಿಂಟೆಂಡೊದ ‘ಜೆಲ್ಡಾ’ ಎಂಬ ಸಾಹಸ ಗೇಮ್ ಸರಣಿಯ ನಾಯಕ ಲಿಂಕ್ ಆ ಕಾಲದವರೆಗೆ ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದವನು. 2006ರ ‘ಟ್ವೈಲೈಟ್ ಪ್ರಿನ್ಸೆಸ್’ ಗೇಮ್‌ಕ್ಯೂಬ್‌ಗಾಗಿ ಸಿದ್ಧವಾಗಿತ್ತು. ಅದನ್ನು ‘ವೀ’ಗೂ ತರುವಾಗ, ಬಹುಪಾಲು ಜನ ರಿಮೋಟನ್ನು ಬಲಗೈಯಲ್ಲಿ ಬೀಸುತ್ತಾರೆಂಬ ಕಾರಣಕ್ಕೆ ಅವನನ್ನು ಬಲಗೈಯವನನ್ನಾಗಿ ಮಾಡಬೇಕಾಯಿತು. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಇಡೀ ಜಗತ್ತನ್ನೇ ಕನ್ನಡಿಯಲ್ಲಿ ನೋಡಿದಂತೆ ತಿರುವಿಹಾಕುವುದು: ಪೂರ್ವದ ಊರು ಪಶ್ಚಿಮಕ್ಕೆ ಹೋಯಿತು, ಎಡದ ಬಾಗಿಲು ಬಲಕ್ಕೆ ಬಂತು. 2016ರಲ್ಲಿ ಮತ್ತೆ ಬಿಡುಗಡೆಯಾದಾಗ ಲಿಂಕ್‌ನ ಎಡಗೈ ಅವನಿಗೆ ಮರಳಿ ಸಿಕ್ಕಿತು. ‘ಜೆನೊಬ್ಲೇಡ್ ಕ್ರಾನಿಕಲ್ಸ್’ ಎಂಬ ದೊಡ್ಡ ಗೇಮಂತೂ ಜಪಾನಿನಲ್ಲಿ 2010ರಲ್ಲಿಯೇ ಬಂದಿದ್ದರೂ ಉತ್ತರ ಅಮೆರಿಕಕ್ಕೆ ಬಂದದ್ದು 2012ರ ಏಪ್ರಿಲ್‌ನಲ್ಲಿ, ಅದೂ ‘ಆಪರೇಷನ್ ರೇನ್‌ಫಾಲ್’ ಎಂಬ ಹೆಸರಿನಲ್ಲಿ ಅಭಿಮಾನಿಗಳು ಅಭಿಯಾನವನ್ನೇ ನಡೆಸಿದ ಮೇಲೆ. ಕಾಸು ಹಿಡಿದು ಸಾಲಿನಲ್ಲಿ ನಿಂತ ಗಿರಾಕಿಗಳು ‘ನಮಗೆ ಮಾರಿ’ ಎಂದು ಅಂಗಡಿಯವನನ್ನೇ ಬೇಡಿಕೊಳ್ಳಬೇಕಾಯಿತು.

ಇನ್ನು, ಯಾರಿಗಾಗಿ ಇಷ್ಟೆಲ್ಲ ಮಾಡಿತೋ ಆ ಹೊಸಬರು ಉಳಿದುಕೊಂಡರೇ? 2008ರಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆಯಿತು, ಗೇಮ್‌ಗಳು ಕಿಸೆಯೊಳಗಿನ ಫೋನಿಗೇ ಬಂದವು. 2012ರಲ್ಲಿ ದೊಡ್ಡಮ್ಮ ಮತ್ತೆ ನ್ಯೂಜೆರ್ಸಿಗೆ ಹೋದಾಗ ಅವರ ಕೈಗೆ ಸಿಕ್ಕಿದ್ದು ಐಪ್ಯಾಡ್. ‘ವೀ’ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಿತ್ತು, ವ್ಯಾಯಾಮಕ್ಕೆಂದು ಕೊಂಡ ಬಿಳಿಯ ಹಲಗೆ ಮಂಚದಡಿ ಸೇರಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬಂದ ‘ವೀ ಯು’ ಹೊಸ ಕನ್ಸೋಲೋ, ಹಳೆಯದಕ್ಕೆ ಸೇರಿಸುವ ಉಪಕರಣವೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಹೆಸರಿನ ಗೊಂದಲಕ್ಕೂ ಈ ಸೋಲಿನಲ್ಲಿ ಪಾಲಿದೆಯೆಂದು ಒಪ್ಪುತ್ತೇನೆ. ಆದರೆ ತಮ್ಮ ಕನ್ಸೋಲಿನ ಬಗ್ಗೆ ಆಸ್ಥೆಯಿರುವವರಿಗೆ ಅಂಥ ಗೊಂದಲವಾಗುವುದಿಲ್ಲ. 10 ಕೋಟಿ 16 ಲಕ್ಷದ ಜಾಗದಲ್ಲಿ 1 ಕೋಟಿ 35 ಲಕ್ಷವಷ್ಟೇ ಉಳಿಯಿತು.

ಬೌಲಿಂಗ್ ಹೇಳಿಕೊಟ್ಟ ಆ ಮೊಮ್ಮಗ ಅಷ್ಟರಲ್ಲಿ ಪಳಗಿದ ಆಟಗಾರನಾಗಿ ಬೆಳೆಯುತ್ತಿದ್ದ. 2017ರ ಮಾರ್ಚ್ 3ರಂದು ‘ಸ್ವಿಚ್’ ಕನ್ಸೋಲ್ ಹೊರಬಂದಾಗ ಅದರ ಜೊತೆಗೆ ಅದೇ ದಿನ ಬಂದದ್ದು ದಾರಿ ತೋರಿಸಿ ಕೈಹಿಡಿದು ನಡೆಸದ, ಮೊದಲ ಗಂಟೆಯಲ್ಲಿಯೇ ಹತ್ತಾರು ಸಲ ಸೋಲಿಸುವ ‘ಬ್ರೆತ್ ಆಫ್ ದ ವೈಲ್ಡ್’ ಎಂಬ ಜೆಲ್ಡಾ ಗೇಮ್. ಆ ತಿಂಗಳು ಅಮೆರಿಕದಲ್ಲಿ ಮಾರಾಟವಾದ ಸ್ವಿಚ್ ಕನ್ಸೋಲುಗಳಿಗಿಂತ, ಆ ಗೇಮಿನ ಸ್ವಿಚ್ ಆವೃತ್ತಿಯ ಪ್ರತಿಗಳ ಸಂಖ್ಯೆಯೇ ಹೆಚ್ಚಾಗಿತ್ತು.