ಫಾರಿನ್ ಟ್ರಿಪ್ಪಂತೆ, ಮಜಾ ಅಂತೆ!

"ಏನಪ್ಪಾ, ವರ್ಷಕ್ಕೆ ನಾಲ್ಕು ಸಲ ಫಾರಿನ್ನು, ಮಜಾ ನಿಂದು" ಅಂತ ಮೊನ್ನೆ ಮದುವೆ ಮನೆಯಲ್ಲಿ ಮಾವ ಬೆನ್ನು ತಟ್ಟಿದರು. ಮಜಾನಾ? ಹೋಗೋದು ಆಫೀಸ್ ಕೆಲಸಕ್ಕೆ. ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ವಿಮಾನ ಹೊರಡೋದು ನಡುರಾತ್ರಿ ಮೂರಕ್ಕೆ. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಜಯನಗರದಿಂದ ಒಂಬತ್ತಕ್ಕೇ ಹೊರಟು, ದೇವನಹಳ್ಳಿಯಲ್ಲಿ ಕುರ್ಚಿ ಮೇಲೆ ತೂಕಡಿಸಿ, ಆಮೇಲೆ ಮಧ್ಯದ ಸೀಟಲ್ಲಿ ಮೊಣಕೈ ಮಡಚಿಕೊಂಡು ಒಂಬತ್ತು ಹತ್ತು ಗಂಟೆ ಕೂತು ಇಳಿದರೆ ಅಲ್ಲಿ ಇನ್ನೂ ಬೆಳಗ್ಗೆ! ಹೋಟೆಲ್ ರೂಮು ಮಧ್ಯಾಹ್ನ ಮೂರಕ್ಕೆ ಸಿಗುತ್ತಂತೆ. ಮೀಟಿಂಗ್ ಮಾತ್ರ ಹನ್ನೊಂದಕ್ಕೆ. ಸ್ಟೇಷನ್ನಿನ ಟಾಯ್ಲೆಟ್‌ನಲ್ಲಿ ಶರ್ಟ್ ಬದಲಿಸಿದ್ದೇನೆ, ಅದಕ್ಕೂ ದುಡ್ಡು ಕೊಟ್ಟು.

ಅಮ್ಮ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಬಾಟ್ಲು? ಗಡಿಬಿಡಿಯಲ್ಲಿ ಕೈಚೀಲಕ್ಕೆ ಹಾಕಿದ್ದೆ. ಸೆಕ್ಯೂರಿಟಿಯಲ್ಲೇ ಕಸದ ಡಬ್ಬಕ್ಕೆ ಹೋಯಿತು. ತಪ್ಪು ನನ್ನದೇ, ಆದರೂ ಹೊಟ್ಟೆ ಉರಿಯುತ್ತೆ, ಅಲ್ವಾ? ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್, ಬರೀ ಬ್ರೆಡ್ಡೇ ಗತಿ. ಇಲ್ಲಿನ ಟೀಮಿಗೆ ಒಂಬತ್ತೂವರೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ಬೆಳಗ್ಗೆ ಆರು. ಆಗಲೇ ಕಾಲ್ ಶುರು. ಮೂರೂವರೆ ಗಂಟೆ ವ್ಯತ್ಯಾಸ ಅನ್ನೋದು ಯಾರ ತಲೆಗೂ ಹೋಗಲ್ಲ.

ಸುಳ್ಳು ಯಾಕೆ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ. ಅಲ್ಲಿನ ಮೈನ್ ಅನ್ನೋ ನದಿ ದಂಡೆಯಲ್ಲಿ ಸುಮ್ನೆ ಒಂದು ತಾಸು ಕೂತಿದ್ದೆ. ಯಾರೂ ಫೋನ್ ಮಾಡಲಿಲ್ಲ. ಎಷ್ಟು ಹಾಯಾಗಿತ್ತು ಗೊತ್ತಾ!

ವಾಪಸ್ ಬಂದು ಎರಡು ವಾರ ಆಯ್ತು. ಅಲ್ಲಿ ಕುಡಿದ ಒಂದು ಬಾಟ್ಲು ನೀರಿನ ಬಿಲ್ಲು ಎಲ್ಲಿ ಅಂತ ಅಕೌಂಟ್ಸ್‌ನವರು ಇವತ್ತು ಮೂರನೇ ಮೇಲ್ ಹಾಕಿದ್ದಾರೆ.