ಬಳುಕುವ ಒಂದು

ಗೃಹಪ್ರವೇಶದ ಕಾರ್ಡು ಹಿಡಿದು ನಿನ್ನೆ 7ನೇ ಕ್ರಾಸಿನಲ್ಲಿ ಅರ್ಧ ಗಂಟೆ ಸುತ್ತಿದೆ. ಮನೆ ಇದ್ದದ್ದು 1ನೇ ಕ್ರಾಸಿನಲ್ಲಿ! ಕುಂಚದಲ್ಲಿ ಬರೆದಂತೆ ಕಾಣುವ ಅಚ್ಚಕ್ಷರ, ಅಂದರೆ ಬ್ರಶ್ ಫಾಂಟಿನ ಆ ಒಂದಕ್ಕೆ ಎಂಥ ಬಳುಕು, ತಲೆ ಮೇಲೆ ಎಂಥ ಕೊಂಡಿ! ನಾನು ಮುಟ್ಟುವಷ್ಟರಲ್ಲಿ ಹೋಳಿಗೆ ಖಾಲಿ.

ಬ್ರಶ್ ಸ್ಕ್ರಿಪ್ಟ್ ಅನ್ನುವ ಫಾಂಟು ಹುಟ್ಟಿದ್ದು 1942ರಲ್ಲಿ, ಅಮೆರಿಕದಲ್ಲಿ. ಅಲ್ಲೇ ಇರಬಾರದಿತ್ತಾ? ಈಗ ಯಾವ ಡಿಟಿಪಿ ಅಂಗಡಿಗೆ ಹೋದರೂ ಅದರದ್ದೇ ಬಳಗ. ಬೇಕರಿ ಬೋರ್ಡು, ಸೀಮಂತದ ಫ್ಲೆಕ್ಸು, ಕೊನೆಗೆ ಶ್ರದ್ಧಾಂಜಲಿಗೂ! ಸತ್ತವರ ಹೆಸರು ಐಸ್‌ಕ್ರೀಮ್ ಜಾಹೀರಾತಿನ ಹಾಗೆ ಕುಣಿಯಬೇಕಾ? ಕನ್ನಡದ್ದಂತೂ ಕೇಳಲೇಬೇಡಿ. ಒತ್ತಕ್ಷರ ಮೇಲಿನ ಸಾಲಿನದೋ ಕೆಳಗಿನದೋ, ಬ್ರಹ್ಮನಿಗೇ ಗೊತ್ತು.

‘ಕೈಯಲ್ಲಿ ಬರೆದ ಹಾಗೆ ಕಾಣುತ್ತೆ ಸಾರ್’ ಅಂತಾನೆ ಅಂಗಡಿಯವ. ಕೈಯಲ್ಲೇ ಬರೆದಿದ್ದರೆ ಓದೋಕಾದರೂ ಆಗ್ತಿತ್ತು ಅಲ್ವಾ?