ತಪಸ್ಸುಕಾಲದ ಭಾನುವಾರ, ಎತ್ತಿನ ಸೋಮವಾರ

ರಾಯಚೂರು ಜಿಲ್ಲೆಯ ಮುದಗಲ್ಲಿನವನಾದ ನಾನು ಈಗ ನೆಲೆಸಿರುವುದು ಕೇರಳದ ಕೋಟ್ಟಯಂನಲ್ಲಿ. ಸಿರಿಯಾಕ್ ಪರಂಪರೆಯ ಇಲ್ಲಿನ ಸಿರಿಯನ್ ಕ್ರೈಸ್ತರಿಗೆ ತಪಸ್ಸುಕಾಲವೆಂದರೆ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲವೆಂದರೆ, ಐವತ್ತು ದಿನಗಳ ನೋಂಬು (ವ್ರತ). ಅದು ಸೋಮವಾರ ಆರಂಭವಾಗುತ್ತದೆ. ಮಾಂಸ, ಮೀನು, ಮೊಟ್ಟೆ, ಕಟ್ಟುನಿಟ್ಟಿನ ಮನೆಗಳಲ್ಲಿ ಹಾಲು ಕೂಡ ಪಾಸ್ಖ (ಈಸ್ಟರ್) ಹಬ್ಬದವರೆಗೆ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಭಾನುವಾರಕ್ಕೂ ವಿನಾಯಿತಿಯಿಲ್ಲ. ಆದಿಲ್‌ಶಾಹಿಗಳ ಕಾಲದಿಂದ ಬಂದ ಮುದಗಲ್ಲಿನ ಕಥೋಲಿಕರದು ಬೇರೆ ಲೆಕ್ಕ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನಗಳು. ಪ್ರತಿ ಭಾನುವಾರವೂ ಯೇಸುವಿನ ಪುನರುತ್ಥಾನದ ದಿನವೇ ಆದ್ದರಿಂದ ನಡುವಿನ 6 ಭಾನುವಾರಗಳನ್ನು ಬಿಟ್ಟು ಉಳಿದ 40 ದಿನಗಳು ಉಪವಾಸಕ್ಕೆ ಸೇರುತ್ತವೆ.

ಇಲ್ಲಿಯವರ ನಿಷ್ಠೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಭಾನುವಾರವನ್ನು ಉಪವಾಸದಿಂದ ಬಿಡಿಸಿದ ನಮ್ಮ ರೀತಿಯೇ ನನಗೆ ಸರಿಯೆನಿಸುತ್ತದೆ. ನನ್ನ ಸಂಕಟವಿರುವುದು ಬೇರೆಡೆ: ಊಟದ ವಿಷಯದಲ್ಲಿ ಬಿಡುಗಡೆ ಪಡೆದ ಆ ದಿನ ದುಡಿಮೆಯಿಂದ ಬಿಡುಗಡೆ ಪಡೆದಿಲ್ಲ, ಮತ್ತು ಈ ಕೊರತೆ ಎರಡೂ ಕಡೆ ಇದೆ.

ನಮ್ಮ ಸೀಮೆಯಲ್ಲಿ ತಪಸ್ಸುಕಾಲ ಬರುವುದು ಮೆಣಸಿನಕಾಯಿ ಬಿಡಿಸುವ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡನೆಯ ಬೆಳೆಯ ಭತ್ತ ಬಲಿಯುವ ದಿನಗಳಲ್ಲಿ. ಭಾನುವಾರ ನಿಶ್ಚಿಂತೆಯಿಂದ ಚರ್ಚಿನ ಬಲಿಪೂಜೆಗೆ (ಮಾಸ್) ಬಂದು ಮನೆಯಲ್ಲಿ ವಿಶ್ರಮಿಸುವವರು ತಿಂಗಳ ಸಂಬಳದವರು; ದಿನಗೂಲಿಯ ಹೆಣ್ಣುಮಗಳು ವಿಶ್ರಮಿಸಿದರೆ ಅಂದಿನ ಕೂಲಿ ಹೋಗುತ್ತದೆ. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಪಾಲಿಸಬೇಕೆಂದು ಆಕೆಗೆ ಬೋಧಿಸುವುದರಲ್ಲಿ ಅರ್ಥವಿಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದ ಆಜ್ಞೆಯೂ ಆಕೆಯನ್ನು ಉದ್ದೇಶಿಸಿದ್ದಲ್ಲ, ಆಕೆಯನ್ನು ಕೆಲಸಕ್ಕೆ ಕರೆಯುವ ಯಜಮಾನನನ್ನು ಉದ್ದೇಶಿಸಿದ್ದು: ನಿನ್ನ ಆಳುಗಳು, ಎತ್ತು, ಕತ್ತೆ, ನಿನ್ನ ಊರಿನಲ್ಲಿರುವ ಪರದೇಶಿ ಎಲ್ಲರಿಗೂ ವಿಶ್ರಾಂತಿ ಸಿಗಲಿ, ಏಕೆಂದರೆ ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ. ಯೆಹೂದ್ಯರ ಸಬ್ಬತ್ ಶನಿವಾರ, ನಮ್ಮ ಕರ್ತನ ದಿನ ಭಾನುವಾರ ಎಂಬ ವ್ಯತ್ಯಾಸದಿಂದ ಈ ಮಾತಿನ ಭಾರ ಕಡಿಮೆಯಾಗುವುದಿಲ್ಲ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರವನ್ನು ವಿರಾಮದ ದಿನವೆಂದು ಸಾರಿದಾಗ ನ್ಯಾಯಾಲಯಗಳಿಗೂ ನಗರದ ಕಸುಬುದಾರರಿಗೂ ಬಿಡುವು ಕೊಟ್ಟು ಹೊಲದ ಕೆಲಸಕ್ಕೆ ಮಾತ್ರ ಅನುಮತಿ ಉಳಿಸಿದ. ಆ ಬಿರುಕು ಇಂದಿಗೂ ಮುಚ್ಚಿಲ್ಲ.

ಆದರೆ ಸಬ್ಬತ್ತಿನ ಮರ್ಮವನ್ನು ನಮ್ಮ ಸೀಮೆ ಬೇರೊಂದು ದಾರಿಯಿಂದ ಬಹುಕಾಲದಿಂದ ಬಲ್ಲದು. ಸೋಮವಾರ ಬಸವಣ್ಣನ ದಿನವೆಂದು ನಮ್ಮ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಳೇ ಹೂಡುವುದಿಲ್ಲ. ಅಂದು ಎತ್ತು ದುಡಿಯದಿದ್ದರೂ ಅದರ ಮೇವಿಗೆ ಕೊರತೆಯಾಗುವುದಿಲ್ಲ. ವಿಶ್ರಾಂತಿಯ ಜೊತೆಗೇ ಹೊಟ್ಟೆಯ ಹೊಣೆಯನ್ನೂ ಒಡೆಯನೇ ಹೊರುತ್ತಾನೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ವಿರಳವಾಗಿವೆ, ನಿಜ. ಆದರೆ ಎತ್ತಿಗೆ ಕೊಟ್ಟ ಈ ಮರ್ಯಾದೆಯನ್ನು ನಾವು ಕ್ರೈಸ್ತರು ನಮ್ಮ ಹೊಲ, ಅಂಗಡಿ, ಅಡುಗೆಮನೆಗಳಲ್ಲಿ ದುಡಿಯುವವರಿಗೆ ಕೊಡುತ್ತಿದ್ದೇವೆಯೇ? ಕೋಟ್ಟಯಂನಲ್ಲಾಗಲಿ ರಾಯಚೂರಿನಲ್ಲಾಗಲಿ, ಮನೆಯೊಡತಿಯ ವ್ರತದ ಅಡುಗೆಯನ್ನು ಭಾನುವಾರ ಬೇಯಿಸುವವಳು ಕೆಲಸದಾಕೆಯಾಗಿದ್ದರೆ ಆ ವ್ರತ ಅಪೂರ್ಣವೆಂದೇ ನಾನು ತಿಳಿಯುತ್ತೇನೆ.

ಬೂದಿ ಬುಧವಾರದ ಮರುದಿನಗಳಲ್ಲಿ, ಶುಕ್ರವಾರ ಮತ್ತು ಶನಿವಾರ, ಕಥೋಲಿಕರ ಬಲಿಪೂಜೆಯಲ್ಲಿ ಬೈಬಲ್ಲಿನ ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯವನ್ನು ಓದುತ್ತಾರೆ. ದೇವರಿಗೆ ಮೆಚ್ಚುಗೆಯಾಗುವ ಉಪವಾಸವೆಂದರೆ ನೊಗದ ಕಟ್ಟುಗಳನ್ನು ಬಿಚ್ಚುವುದು ಎಂದು ಆರಂಭದಲ್ಲಿ ಹೇಳುವ ಆ ಅಧ್ಯಾಯ ಸಬ್ಬತ್ತನ್ನು ಆನಂದದ ದಿನವೆನ್ನಬೇಕೆಂಬ ಮಾತಿನೊಂದಿಗೆ ಮುಗಿಯುತ್ತದೆ. ಉಪವಾಸವನ್ನೂ ವಿಶ್ರಾಂತಿಯನ್ನೂ ಪ್ರವಾದಿಯೇ ಒಂದೇ ಉಸಿರಿನಲ್ಲಿ ಹೇಳಿರುವಾಗ ನಾವು ಒಂದನ್ನು ಮಾತ್ರ ಹಿಡಿದುಕೊಂಡಿರುವುದು ಸರಿಯಲ್ಲ. ಪ್ರಾರ್ಥನೆ, ಉಪವಾಸ, ದಾನಧರ್ಮ ಈ ಕಾಲದ ಮೂರು ಕರ್ತವ್ಯಗಳು. ಆರು ಭಾನುವಾರ ಆಳುಗಳಿಗೆ ಕೂಲಿಸಹಿತ ರಜೆ ಕೊಟ್ಟರೆ ಉಪವಾಸದಿಂದ ಉಳಿದ ಹಣಕ್ಕೆ ಅದಕ್ಕಿಂತ ಒಳ್ಳೆಯ ವಿನಿಯೋಗ ನನಗೆ ತೋರುವುದಿಲ್ಲ.

ಬಲಿತ ಭತ್ತದ ಮೇಲೆ ಅಕಾಲದ ಮೋಡ ಕವಿದಾಗ ಕೊಯ್ಲು ನಿಲ್ಲಿಸಿ ಎಂದು ನಾನು ಹೇಳಲಾರೆ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನದಲ್ಲೇ ಮೇಲಕ್ಕೆತ್ತುವುದಿಲ್ಲವೇ ಎಂದು ಕೇಳಿದವರು ಯೇಸುಸ್ವಾಮಿಯೇ. ಅಂಥ ವಾರ ಆಳಿನ ರಜೆಯನ್ನೂ ಕೂಲಿಯನ್ನೂ ಸೋಮವಾರಕ್ಕೆ ಕೊಟ್ಟರಾಯಿತು.